ಹರಳಿಗಿಂತ ಚೀಟಿ ದೊಡ್ಡದು



ಹೊಟ್ಟೆಯ ಎಕ್ಸ್‌ರೇ ತೆಗೆಯುವ ಮೊದಲು ಆಸ್ಪತ್ರೆಯಲ್ಲಿ ಕುಡಿಸುವ, ಸುಣ್ಣದ ನೀರಿನಂಥ ಬಿಳಿ ದ್ರವ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಅದರಲ್ಲಿರುವುದು ಬೇರಿಯಂ ಸಲ್ಫೇಟ್. ಅದೇ ವಸ್ತು ನೆಲದೊಳಗೆ ಖನಿಜವಾಗಿ ಸಿಕ್ಕಿದರೆ ಅದು ಬೆರೈಟ್. ಭಾರ ಎಂಬರ್ಥದ ಗ್ರೀಕ್ ಪದದಿಂದ ಬಂದ ಹೆಸರು. ಬೆಣಚುಕಲ್ಲು ನೀರಿಗಿಂತ ಸುಮಾರು 2.65 ಪಟ್ಟು ಭಾರವಾದರೆ ಬೆರೈಟ್ ನಾಲ್ಕೂವರೆ ಪಟ್ಟು. ಗಾಜಿನಂತೆ ತಿಳಿಯಾದ ಹರಳೊಂದನ್ನು ಅಂಗೈಯಲ್ಲಿಟ್ಟರೆ, ಇಷ್ಟು ಚಿಕ್ಕದಕ್ಕೆ ಇಷ್ಟೊಂದು ತೂಕವೇ ಎನಿಸುತ್ತದೆ.

ಈ ತೂಕಕ್ಕಾಗಿಯೇ ಜಗತ್ತು ಅದನ್ನು ಅಗೆಯುತ್ತದೆ. ತೈಲಬಾವಿ ಕೊರೆಯುವಾಗ ಒಳಗಿನ ಅನಿಲ, ಎಣ್ಣೆ ಚಿಮ್ಮಿ ಬರದಂತೆ ತಡೆಯಲು ಬೆರೈಟ್ ಪುಡಿ ಕಲಸಿದ ಭಾರದ ಕೆಸರನ್ನು ತುಂಬುತ್ತಾರೆ. ಆಂಧ್ರಪ್ರದೇಶದ ಕಡಪ ಸೀಮೆಯ ಮಂಗಂಪೇಟೆಯಲ್ಲಿ ಇದರ ಭಾರಿ ನಿಕ್ಷೇಪವಿದೆ. ತೆಲುಗರು ಇದನ್ನು ಮುಗ್ಗುರಾಯಿ, ಅಂದರೆ ರಂಗೋಲಿ ಕಲ್ಲು, ಎನ್ನುತ್ತಾರೆ. ನಮ್ಮ ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯಲ್ಲೂ ಬೆರೈಟ್ ಪದರಗಳಿವೆ. ಅವುಗಳ ವಯಸ್ಸು 300 ಕೋಟಿ ವರ್ಷಕ್ಕೂ ಹೆಚ್ಚು. ಆದರೆ ಇವೆಲ್ಲ ಪದರ ಪದರವಾದ ಕಲ್ಲು. ಸಂಗ್ರಾಹಕರು ಹುಡುಕುವ ತಿಳಿಹರಳು ಬೇರೆ.

ಅದು ಅಪರೂಪವಾಗಲು ಕಾರಣವಿದೆ. ಬೇರಿಯಂ ಸಲ್ಫೇಟ್ ನೀರಿನಲ್ಲಿ ಕರಗುವುದೇ ಇಲ್ಲವೆನ್ನಬೇಕು. ಲೀಟರಿಗೆ ಎರಡು ಮೂರು ಮಿಲಿಗ್ರಾಂ ಅಷ್ಟೆ. ವಿಷಕಾರಿಯಾದ ಬೇರಿಯಂ ಅನ್ನು ಎಕ್ಸ್‌ರೇಗೆ ಮುನ್ನ ನಿರ್ಭಯವಾಗಿ ಕುಡಿಸುವುದೂ ಇದೇ ಧೈರ್ಯದ ಮೇಲೆ. ನೆಲದಡಿ ಬೇರಿಯಂ ಹೊತ್ತ ನೀರು, ಸಲ್ಫೇಟ್ ಹೊತ್ತ ನೀರನ್ನು ಥಟ್ಟನೆ ಸೇರಿದರೆ ಎಲ್ಲವೂ ಹಿಟ್ಟಿನಂತೆ ಕೆಳಗೆ ಕೂರುತ್ತದೆ. ಕಲ್ಲಿನ ಪೊಟರೆಯೊಂದರಲ್ಲಿ, ಬೆಳೆಯಲು ಜಾಗವಿದ್ದು, ಎರಡೂ ನಿಧಾನವಾಗಿ ಬೆರೆತರೆ ಮಾತ್ರ ಅಂಚು ಮೂಲೆ ತೀಡಿದಂಥ ಹರಳು ಕಟ್ಟುತ್ತದೆ.

ಇಂಗ್ಲೆಂಡಿನ ಕಂಬರ್‌ಲ್ಯಾಂಡಿನಲ್ಲಿ, ಫ್ರಿಜಿಂಗ್‌ಟನ್ ಸುತ್ತಲಿನ ಕಬ್ಬಿಣದ ಗಣಿಗಳಲ್ಲಿ ಹೀಗಾಯಿತು. ತಿಳಿನೀಲಿ, ಜೇನುಬಣ್ಣದ ಹರಳುಗಳು ಅಲ್ಲಿ ಸಿಕ್ಕವು. ಅಮೆರಿಕದ ದಕ್ಷಿಣ ಡಕೋಟಾದ ಎಲ್ಕ್ ಕ್ರೀಕ್‌ನಲ್ಲಿ ಜೇಡಿಕಲ್ಲಿನೊಳಗಿನ ಗುಂಡುಗಳನ್ನು ಒಡೆದರೆ ಬಿರುಕುಗಳಲ್ಲಿ ಹೊಂಬಣ್ಣದ ಹರಳುಗಳು ಕಾಣುತ್ತವೆ. ಪಳಗಿದ ಕಣ್ಣು ಬಣ್ಣ, ಆಕಾರ, ಜೊತೆಯ ಖನಿಜ ನೋಡಿ ಎಷ್ಟೋ ಸಲ ಊರನ್ನು ಊಹಿಸುತ್ತದೆ. ಆದರೆ ಊಹೆ ಊಹೆಯೇ. ಊರನ್ನು ಖಚಿತವಾಗಿ ಹೇಳಬಲ್ಲದ್ದು ಕಲ್ಲಿನ ಜೊತೆಗಿನ ಚೀಟಿ.

ಊರಿಗೆ ಅಷ್ಟೇಕೆ ಬೆಲೆ? 1603ರ ಸುಮಾರಿಗೆ ಇಟಲಿಯ ಬೊಲೋನ್ಯ ನಗರದ ಚಮ್ಮಾರ, ರಸವಾದದ ಗೀಳಿನ ವಿಂಚೆಂಜೊ ಕಾಶಿಯರೋಲೊ, ಸಮೀಪದ ಪಾದೆರ್ನೊ ಗುಡ್ಡದ ಬೆರೈಟ್ ಉಂಡೆಯನ್ನು ಇದ್ದಿಲಿನೊಡನೆ ಸುಟ್ಟ. ಬಿಸಿಲಿಗಿಟ್ಟು ತಂದರೆ ಅದು ಕತ್ತಲಲ್ಲಿ ಬೆಳಗಿತು! ಗೆಲಿಲಿಯೋ ಅದರ ಬಗ್ಗೆ ತಲೆ ಕೆಡಿಸಿಕೊಂಡ; ಕವಿ ಗಯಟೆ 1786ರಲ್ಲಿ ಆ ಗುಡ್ಡಕ್ಕೇ ಹೋಗಿ ಕಲ್ಲು ಆರಿಸಿ ತಂದ. ಕಲ್ಲಿನಲ್ಲಿ ಬೆರೆತಿದ್ದ ಲವಲೇಶ ತಾಮ್ರವೇ ಆ ಬೆಳಕಿಗೆ ಕಾರಣವೆಂದು 2012ರ ಸಂಶೋಧನೆ ತಿಳಿಸಿತು. ಹುಟ್ಟಿದ ಜಾಗದ ಗುರುತು ಕಲ್ಲಿನ ಒಡಲಲ್ಲೇ ಇರುತ್ತದೆ. ಯಾವ ಗುಡ್ಡದ್ದೆಂಬ ದಾಖಲೆ ಉಳಿದಿದ್ದರಿಂದಲೇ ನಾಲ್ಕು ಶತಮಾನದ ಬಳಿಕ ಆ ಗುರುತನ್ನು ಓದಲು ಸಾಧ್ಯವಾಯಿತು.

ಹರಳನ್ನು ಕಾಪಾಡುವುದೂ ಸುಲಭವಲ್ಲ. ಬೆರೈಟ್ ಮೃದು, ಉಗುರಿಗೆ ಜಗ್ಗದಿದ್ದರೂ ಚಾಕುವಿನ ಮೊನೆ ತಾಗಿದರೆ ಗೀರು ಬೀಳುತ್ತದೆ. ನಿಶ್ಚಿತ ದಿಕ್ಕುಗಳಲ್ಲಿ ಸಲೀಸಾಗಿ ಸೀಳುತ್ತದೆ. ತಣ್ಣಗಿರುವಾಗ ಬಿಸಿನೀರಿನಲ್ಲಿ ತೊಳೆದರೆ ಬಿರುಕು ಬಿಟ್ಟೀತು. ಬಿಸಿಲಲ್ಲಿಟ್ಟರೆ ಕೆಲವುಗಳ ಬಣ್ಣ ಬದಲಾಗುತ್ತದೆ. ಆದರೂ ಮೂಲೆ ಮುರಿದ ಹರಳು ಹೇಗೋ ಮಾತಾಡೀತು. ಚೀಟಿ ಕಳೆದುಕೊಂಡ ಹರಳು ಮೂಕ. ಸುಳ್ಳು ಚೀಟಿಯದು ಅದಕ್ಕಿಂತ ಕೆಟ್ಟದ್ದು, ಅದು ಸುಳ್ಳುಸಾಕ್ಷಿ.

ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂಗೆ ಇಬ್ಬರು ಆರ್ಥರ್‌ಗಳ ಸಂಗ್ರಹ ಬಂದು ಸೇರಿತು. 1964ರಲ್ಲಿ ತೀರಿಕೊಂಡ ಸರ್ ಆರ್ಥರ್ ರಸೆಲ್ ಬಾಲ್ಯದಿಂದಲೂ ಗಣಿ ಗಣಿ ಸುತ್ತಿದವರು. ಹಳೆಯ ಸಂಗ್ರಹಗಳನ್ನು ಚೀಟಿ ಸಮೇತ ಉಳಿಸಿದವರು. ಅವರ ಸುಮಾರು 12,000 ಮಾದರಿಗಳು ಇಂದಿಗೂ ಬ್ರಿಟನ್ನಿನ ಖನಿಜಗಳಿಗೆ ಆಧಾರ. ಇನ್ನೊಬ್ಬರು 1968ರಲ್ಲಿ ನಿಧನರಾದ ಆರ್ಥರ್ ಕಿಂಗ್ಸ್‌ಬರಿ. ಬ್ರಿಟನ್ನಿನಲ್ಲಿ ಯಾರಿಗೂ ಸಿಗದ ಖನಿಜಗಳು ಅವರಿಗೆ ಸಿಗುತ್ತಿದ್ದವು. ಆ ಸಂಗ್ರಹವನ್ನು ಮತ್ತೆ ಪರೀಕ್ಷಿಸಿದ ತಜ್ಞರು 1998ರಿಂದ ಪ್ರಕಟಿಸಿದ ಲೇಖನಗಳು ಕಹಿಸತ್ಯ ಹೊರಗೆಡವಿದವು: ಬೇರೆಲ್ಲೋ ಸಿಕ್ಕ ಎಷ್ಟೋ ಕಲ್ಲುಗಳಿಗೆ ಬ್ರಿಟನ್ನಿನ ಗಣಿಗಳ ಹೆಸರು ಹಚ್ಚಲಾಗಿತ್ತು. ಕಲ್ಲುಗಳು ಅಸಲಿ, ಊರು ನಕಲಿ. ಅವನ್ನು ನಂಬಿ ಬರೆದ ಪ್ರಬಂಧ, ಪಟ್ಟಿಗಳನ್ನೆಲ್ಲ ತಿದ್ದಬೇಕಾಯಿತು. ಅವರ ಸಂಗ್ರಹದಲ್ಲಿ ನಿಜವಾದವೂ ಇದ್ದಿರಬೇಕು. ಈಗ ಅವೂ ಅನುಮಾನದ ನೆರಳಲ್ಲಿವೆ.

ಫ್ರಿಜಿಂಗ್‌ಟನ್ನಿನ ಗಣಿಗಳು ಮುಚ್ಚಿ ಬಹಳ ಕಾಲವಾಯಿತು. ಅಲ್ಲಿಗೆ ಹೋಗಿ ಪರೀಕ್ಷಿಸೋಣವೆಂದರೆ ದಾರಿಯಿಲ್ಲ. ಆ ಕತ್ತಲ ಸುರಂಗಗಳಲ್ಲಿ ಏನು ಬೆಳೆದಿತ್ತೆಂದು ಹೇಳಲು ಉಳಿದಿರುವುದು ಯಾರೋ ಜೋಪಾನ ಮಾಡಿದ ಹರಳು, ಅದರ ಜೊತೆಗಿನ ಬೆರಳಗಲದ ಕಾಗದ.

ನಿಮ್ಮ ಮನೆಯ ಮಕ್ಕಳು ಪ್ರವಾಸದಿಂದ ಜೇಬು ತುಂಬ ಕಲ್ಲು ತಂದರೆ ದಯವಿಟ್ಟು ಎಸೆಯಬೇಡಿ. ಒಂದು ಪೆನ್ಸಿಲು ಕೊಡಿ. ಯಾವ ಊರು, ಯಾವ ಹಳ್ಳದ ದಂಡೆ, ಯಾವ ತಾರೀಖು ಎಂದು ಅವತ್ತೇ ಬರೆಸಿ. ತಿಳಿಯದ್ದನ್ನು ತಿಳಿಯದು ಎಂದೇ ಬರೆಸಿ. ಕಲ್ಲಿನ ಹೆಸರನ್ನು ಮುಂದೆ ಯಾರಾದರೂ ಹೇಳಿಯಾರು. ಊರನ್ನು ಹೇಳಬಲ್ಲವನು ಎತ್ತಿಕೊಂಡವನು ಮಾತ್ರ.