ಎತ್ತು ಇಂಡಿಕಸ್, ಹುಣಸೆ ಇಂಡಿಕಾ, ಎಳ್ಳು ಇಂಡಿಕಮ್



ಹಾವೇರಿ ದನದ ಸಂತೆಯ ಎತ್ತು, ರಾಣೆಬೆನ್ನೂರಿನ ದಾರಿಬದಿಯ ಹುಣಸೀಗಿಡ, ಹೊಲದ ಎಳ್ಳು, ಈ ಮೂರಕ್ಕೂ ವಿಜ್ಞಾನಿಗಳು ಒಂದೇ ಗುಣವಾಚಕ ಹಚ್ಚಿದ್ದಾರೆ. ಎತ್ತು ಬಾಸ್ ಇಂಡಿಕಸ್, ಹುಣಸೆ ಟ್ಯಾಮರಿಂಡಸ್ ಇಂಡಿಕಾ, ಎಳ್ಳು ಸೆಸಮಮ್ ಇಂಡಿಕಮ್. ಅರ್ಥ ‘ಇಂಡಿಯಾದ್ದು’ ಅಂತ, ಅಷ್ಟೇ. ಲ್ಯಾಟಿನ್ನಿಗೆ ಈ ಪದ ಗ್ರೀಕಿನ ‘ಇಂಡಿಕೋಸ್’ನಿಂದ ಬಂತು. ಗ್ರೀಕರಿಗೆ ಪರ್ಷಿಯನ್ನರ ‘ಹಿಂದು’ವಿನಿಂದ, ಪರ್ಷಿಯನ್ನರಿಗೆ ನಮ್ಮ ‘ಸಿಂಧು’ವಿನಿಂದ. ಬಾಲದಲ್ಲಿರುವ ‘ಇಕೋಸ್’ ಕೂಡ ನಮಗೆ ಹೊರಗಿನದಲ್ಲ. ಸಾಮಾಜಿಕ, ಐತಿಹಾಸಿಕ ಎನ್ನುವಲ್ಲಿರುವ ‘ಇಕ’ ಪ್ರತ್ಯಯದ ದಾಯಾದಿ.

ಮೂರು ರೂಪ ಯಾಕೆ? ಲ್ಯಾಟಿನ್ನಿನಲ್ಲಿ ಗುಣವಾಚಕ ತನ್ನ ನಾಮಪದದ ಲಿಂಗವನ್ನೇ ತೊಡಬೇಕು. ಬಾಸ್ ಇಲ್ಲಿ ಪುಲ್ಲಿಂಗ, ಅದಕ್ಕೆ ಇಂಡಿಕಸ್. ಸೆಸಮಮ್ ನಪುಂಸಕ, ಅದಕ್ಕೆ ಇಂಡಿಕಮ್. ಹುಣಸೆಯ ಹತ್ತಿರ ವಿದ್ಯಾರ್ಥಿಗಳು ಎಡವುತ್ತಾರೆ: ‘ಟ್ಯಾಮರಿಂಡಸ್’ ನೋಡಲು ಗಂಡು, ಜೊತೆಗಿರುವುದು ‘ಇಂಡಿಕಾ’. ರೋಮನ್ನರಿಗೆ ಮರಗಳೆಲ್ಲ ಸಾಮಾನ್ಯವಾಗಿ ಹೆಣ್ಣು, ಕೊನೆಯ ಅಕ್ಷರ ಏನೇ ಇರಲಿ. ನಮಗೆ ಈ ತಾಪತ್ರಯ ಇಲ್ಲ. ಜವಾರಿ ಹೋರಿ, ಜವಾರಿ ಆಕಳು, ಜವಾರಿ ಬೀಜ. ‘ಜವಾರಿ’ ಎಲ್ಲಿಯೂ ಕದಲುವುದಿಲ್ಲ.

ಈ ಗುಣವಾಚಕದ ಮಾತನ್ನು ಮಾತ್ರ ಪೂರ್ತಿ ನಂಬಬೇಡಿ. ಹುಣಸೆಯ ಮೂಲ ಆಫ್ರಿಕಾ. ಅರಬರು ಅದನ್ನು ‘ತಮರ್ ಹಿಂದಿ’, ಅಂದರೆ ಹಿಂದೂಸ್ತಾನದ ಖರ್ಜೂರ ಎಂದರು. ಅದರಿಂದಲೇ ಟ್ಯಾಮರಿಂಡಸ್. 1753ರಲ್ಲಿ ಯುರೋಪಿನ ಸಸ್ಯವಿಜ್ಞಾನಿ ಲಿನೇಯಸ್ ಅದರ ಮೇಲೆ ಇಂಡಿಕಾ ಸೇರಿಸಿದ. ಆಫ್ರಿಕಾದ ಮರಕ್ಕೆ ಎರಡೆರಡು ಸಲ ಭಾರತದ ಮೊಹರು!

ಇನ್ನು ಬ್ಯಾಡಗಿ ಮೆಣಸಿನಕಾಯಿ. ಡಬ್ಬಿ ತಳಿಯಿರಲಿ, ಕಡ್ಡಿ ತಳಿಯಿರಲಿ, ಎರಡೂ ಕ್ಯಾಪ್ಸಿಕಮ್ ಆ್ಯನುಅಮ್. ಇದೂ ಲಿನೇಯಸ್ ಅದೇ ವರ್ಷ ಇಟ್ಟ ಹೆಸರು. ‘ಆ್ಯನುಅಮ್’ ಅಂದರೆ ಒಂದು ವರ್ಷದ್ದು. ಕ್ಯಾಪ್ಸಿಕಮ್ ನಪುಂಸಕವಾದ್ದರಿಂದ ಅದೂ ನಪುಂಸಕ. ಈ ಗುಣವಾಚಕ ಅಪ್ಪಟ ಲ್ಯಾಟಿನ್, ಗ್ರೀಕಿನ ಸಾಲವಿಲ್ಲ. ಆದರೆ ಯುರೋಪಿನ ಚಳಿಗೆ ವರ್ಷದೊಳಗೆ ಸಾಯುವ ಈ ಗಿಡ ಬೆಚ್ಚಗಿನ ಸೀಮೆಯಲ್ಲಿ ವರ್ಷ ದಾಟಿಯೂ ಬದುಕಬಲ್ಲದು. ಹೀಗೆ ಗುಣವಾಚಕ ಗಿಡದ ಗುಣಕ್ಕಿಂತ ಹೆಸರಿಟ್ಟವನ ಊರಿನ ಹವೆಯನ್ನೇ ಹೆಚ್ಚು ಹೇಳಿತು.

ಮೆಣಸಿನಕಾಯಿ ಅಮೆರಿಕದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು, ಆದ್ದರಿಂದ ‘ಇಂಡಿಕಮ್’ ತಪ್ಪಿದ್ದಕ್ಕೆ ನಾವು ಕೊರಗಬೇಕಿಲ್ಲ. 2011ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಾಗ ನೋಂದಣಿಯಾದದ್ದು ಬ್ಯಾಡಗಿಯ ಹೆಸರೇ.