ಮಳೆಯ ಹೊತ್ತು, ಬಿತ್ತುವ ಹೊತ್ತು

(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಬೆಳ್ಳಿಹಬ್ಬದ ದಿನ ಸಂಘದ ಸಾಧನೆ ಹೇಳುವವರು ಬಹಳ ಮಂದಿ ಇದ್ದಾರೆ. ಠೇವಣಿ ಎಷ್ಟು, ಸಾಲ ಎಷ್ಟು, ವಸೂಲಿ ಎಷ್ಟು ಎನ್ನುವುದು ಕಾರ್ಯದರ್ಶಿಯವರ ವರದಿಯಲ್ಲಿ ಬಂದಿದೆ. ನಮಗೆ ಕೊಟ್ಟ ವಿಷಯ ಮಳೆ ಮತ್ತು ಒಣಬೇಸಾಯ. ಇದು ಇವತ್ತಿನ ಹಬ್ಬಕ್ಕೆ ಹೊರಗಿನ ಮಾತು ಅಂತ ಯಾರೂ ತಿಳೀಬಾರದು. ನಮ್ಮ ಸಂಘದಿಂದ ಸಾಲ ಹೊರಗೆ ಹೋಗುವುದು ಮಳೆಯ ನಂಬಿಕೆಯ ಮೇಲೆ, ಅದು ತಿರುಗಿ ಬರುವುದೂ ಮಳೆಯ ದಯದಿಂದ. ಸಂಘ ಹುಟ್ಟಿದ್ದು 2000ದಲ್ಲಿ. ಮರುವರ್ಷದಿಂದಲೇ 2001, 2002, 2003 ಮೂರು ವರ್ಷ ರಾಜ್ಯಕ್ಕೆ ಬರ. ಅಂದರೆ ನಮ್ಮ ಸಂಘ ನಡೆಯಲು ಕಲಿತದ್ದೇ ಬರಗಾಲದಲ್ಲಿ.

ಈಗ ಜಿಲ್ಲೆಯಲ್ಲಿ ಏಳು ತಾಲೂಕುಗಳಾಗಿವೆ. 1997ರಲ್ಲಿ ರಾಯಚೂರಿನಿಂದ ಬೇರೆಯಾದಾಗ ಇದ್ದದ್ದು ನಾಲ್ಕು: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ಈ ನಾಲ್ಕರಲ್ಲಿ ಗಂಗಾವತಿಯ ಕಥೆ ಬೇರೆ. ಅಲ್ಲಿಗೆ ತುಂಗಭದ್ರಾ ಎಡದಂಡೆ ಕಾಲುವೆ ಇದೆ, ಭತ್ತ ಇದೆ. ಅವರ ಮಳೆ ಮಲೆನಾಡಿನಲ್ಲಿ ಬೀಳುತ್ತದೆ, ಡ್ಯಾಮಿನಲ್ಲಿ ನಿಲ್ಲುತ್ತದೆ, ಕಾಲುವೆಯಲ್ಲಿ ಬರುತ್ತದೆ. ಅವರಿಗೂ ಕಷ್ಟ ಇಲ್ಲವೆಂದಲ್ಲ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಅವರ ಎದೆ ಹೇಗೆ ಹೊಡೆದುಕೊಂಡಿತೆಂದು ನಾವು ಬಲ್ಲೆವು. ಆದರೆ ಕುಷ್ಟಗಿ, ಯಲಬುರ್ಗಾ ಕಡೆಯ ನಮ್ಮ ಬಹುಪಾಲು ಹೊಲಗಳಿಗೆ ಡ್ಯಾಮು ಅಂದರೆ ಮುಗಿಲೇ. ಅದಕ್ಕೆ ಗೇಟೂ ಇಲ್ಲ, ಕೀಲಿಯೂ ಇಲ್ಲ.

ನಮ್ಮ ಸೀಮೆಗೆ ವರ್ಷಕ್ಕೆ ಬೀಳುವ ಮಳೆ ಆರುನೂರು ಮಿಲಿಮೀಟರಿನ ಆಸುಪಾಸು. ಪಶ್ಚಿಮ ಘಟ್ಟ ಆ ಕಡೆಯ ಮೋಡವನ್ನೆಲ್ಲ ಹಿಂಡಿಕೊಂಡು, ಉಳಿದ ತಂಪುಗಾಳಿಯನ್ನು ನಮಗೆ ಕಳಿಸುತ್ತದೆ. ಅದಕ್ಕೇ ಜೂನ್, ಜುಲೈದಲ್ಲಿ ನಮ್ಮಲ್ಲಿ ಗಾಳಿ ಜಾಸ್ತಿ, ಹನಿ ಕಡಿಮೆ. ದೊಡ್ಡ ಮಳೆ ಬರುವುದು ಸೆಪ್ಟೆಂಬರಿನಲ್ಲಿ, ಗುಡುಗಿನ ಜೊತೆಗೆ, ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದ ಜೊತೆಗೆ. ಇಷ್ಟು ಕಡಿಮೆ ಮಳೆಯಲ್ಲಿ ಎರಡು ಹಂಗಾಮು ಮಾಡಿ ಬದುಕಿದವರು ನಮ್ಮ ಹಿರಿಯರು. ಹೇಗೆ ಬದುಕಿದರು? ಮಳೆಯ ಲೆಕ್ಕಕ್ಕಿಂತ ಮಳೆಯ ಹೊತ್ತು ಹಿಡಿದು.

ರೋಹಿಣಿ ಮಳಿ ಆದರ ಓಣ್ಯಾಗೆಲ್ಲಾ ಜ್ವಾಳ ಅಂತಾರೆ. ಮಸಾರಿ ಹೊಲಕ್ಕೆ ಮಿರಗ, ಆರಿದ್ರಾದಲ್ಲಿ ಸಜ್ಜಿ, ಶೇಂಗಾ, ತೊಗರಿ. ಎರಿ ಹೊಲದಲ್ಲಿ ಕೆಲವರು ಮುಂಗಾರಿಗೆ ಹರಗಿ ಹರಗಿ ಬಿಟ್ಟು ಹಿಂಗಾರಿಗೇ ಬಿತ್ತುವರು. ಕೆಲವರು ಮೊದಲು ಹೆಸರು ಬಿತ್ತಿ, ಅದನ್ನು ತೆಗೆದು, ಉತ್ತರಾ, ಹಸ್ತಾ ಮಳೆಗೆ ಬಿಳಿಜೋಳ, ಕಡ್ಲಿ ಹಾಕುವರು. ಈ ಹೆಸರು-ಜೋಳದ ಜೋಡಿಯೊಳಗೇ ನಮ್ಮ ಇಡೀ ವಿಷಯ ಅಡಗಿದೆ. ಹೆಸರು ಅರವತ್ತು ಎಪ್ಪತ್ತು ದಿನದ ಬೆಳೆ. ಜೂನ್ ನಡುವೆ ಬಿತ್ತಿದರೆ ಆಗಸ್ಟ್ ಕಡೆಗೆ ರಾಶಿ. ಹೊಲ ತೆರವಾಗಿ, ಒಂದೆರಡು ಸಲ ಕುಂಟಿ ಹೊಡೆಯುವಷ್ಟರಲ್ಲಿ ಜೋಳದ ಹದ ಬರುತ್ತದೆ. ಈ ಲೆಕ್ಕದಲ್ಲಿ ಬರೇ ಒಂದು ತಿಂಗಳು ಹಿಂದೆ ಸರಿಸಿ ನೋಡ್ರಿ. ಜುಲೈ ನಡುವೆ ಬಿತ್ತಿದ ಹೆಸರು ಸೆಪ್ಟೆಂಬರ್ ನಡುವೆ ಒಣಗಿ ನಿಲ್ಲುತ್ತದೆ. ಆಗಲೇ ನಮ್ಮ ದೊಡ್ಡ ಮಳೆ. ಕಾಯಿ ಗಿಡದಲ್ಲೇ ಮೊಳಕೆ ಒಡೆಯುತ್ತದೆ. ಹೊಲ ತೆರವಾಗಲಿಲ್ಲವೆಂದು ಜೋಳವೂ ತಡ. ತಡವಾದ ಜೋಳ ತೆನೆ ಕಟ್ಟುವ ಹೊತ್ತಿಗೆ ನೆಲದಲ್ಲಿ ಹಸಿ ಇರುವುದಿಲ್ಲ. ಬಿದ್ದ ಮಳೆ ಅಷ್ಟೇ. ಹೊತ್ತು ತಪ್ಪಿದ್ದಕ್ಕೆ ಎರಡೂ ಬೆಳೆ ಹೋದವು.

ಈಗ ಕೆಲವರು ಕೇಳುತ್ತಾರೆ, ಪಂಚಾಂಗ ಸುಳ್ಳಾಯಿತೇನು ಅಂತ. ಪಂಚಾಂಗ ಸುಳ್ಳಾಗಿಲ್ಲ. ಸೂರ್ಯ ಯಾವ ನಕ್ಷತ್ರಕ್ಕೆ ಬಂದ ಎನ್ನುವುದನ್ನು ಅದು ಹೇಳುತ್ತದೆ. ಮಿರಗ ಇಂದಿಗೂ ಜೂನ್ 7-8ಕ್ಕೇ ಹುಟ್ಟುತ್ತದೆ. ಆದರೆ ಆ ಹದಿಮೂರು ಹದಿನಾಲ್ಕು ದಿನದಲ್ಲಿ ಮೋಡ ಬಂದೇ ಬರುತ್ತದೆಂದು ಸೂರ್ಯ ಯಾರಿಗೂ ಕಾಗದ ಬರೆದುಕೊಟ್ಟಿಲ್ಲ. ಹವಾಮಾನ ಇಲಾಖೆಯ ಲೆಕ್ಕದಲ್ಲೂ ಹಾಗೆಯೇ. ಕೇರಳಕ್ಕೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 1. 2020ರಲ್ಲಿ ಇಲಾಖೆ ದಿನಾಂಕಗಳನ್ನು ಪರಿಷ್ಕರಿಸಿದಾಗಲೂ ಅದು ಬದಲಾಗಲಿಲ್ಲ. ಬದಲಾದದ್ದು ಹಿಂದಿನ ತುದಿ: ವಾಯವ್ಯ ಭಾರತದಿಂದ ಮುಂಗಾರು ಹಿಂದೆ ಸರಿಯತೊಡಗುವ ವಾಡಿಕೆಯ ದಿನ ಸೆಪ್ಟೆಂಬರ್ 1ರಿಂದ 17ಕ್ಕೆ ಹೋಯಿತು. ಇನ್ನು ವರ್ಷ ವರ್ಷದ ಆಟ ನೋಡ್ರಿ. 2009ರಲ್ಲಿ ಮೇ 23ಕ್ಕೆ ಬಂತು. 2023ರಲ್ಲಿ ಜೂನ್ 8ಕ್ಕೆ. 2025ರಲ್ಲಿ ಮೇ 24ಕ್ಕೆ. ಸರಾಸರಿ ತೆಗೆದರೆ ಎಲ್ಲ ಸರಿಯಿದ್ದಂತೆ ಕಾಣುತ್ತದೆ. ಸರಾಸರಿ ನಂಬಿ ಕೂರಿಗಿ ಹೂಡಲಿಕ್ಕೆ ಆಗೋದಿಲ್ಲ.

ಬೇಗ ಬಂದರೆ ಒಳ್ಳೆಯದು ಎನ್ನುವುದೂ ಪೂರ್ತಿ ನಿಜವಲ್ಲ. 2009 ನೆನಪಿದೆಯಲ್ಲ? ಮುಂಗಾರು ಬೇಗ ಬಂತು, ಬಂದಷ್ಟೇ ಬೇಗ ಜೂನಿನಲ್ಲಿ ಕೈಕೊಟ್ಟಿತು. ಆ ವರ್ಷ ದೇಶಕ್ಕೇ ಬರ, ವಾಡಿಕೆಗಿಂತ ಶೇ. 22ರಷ್ಟು ಕಡಿಮೆ ಮಳೆ. ಕಡೆಗೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದ ಮೇಲೆ ಮುಗಿಲೇ ಹರಿದು ಬಿದ್ದು ನೆರೆ ಬಂತು. ಒಂದೇ ವರ್ಷದಲ್ಲಿ ಬರವನ್ನೂ ನೆರೆಯನ್ನೂ ಕಂಡವರು ನಾವು.

ಯಾಕೆ ಹೀಗಾಗುತ್ತಿದೆ ಎಂದರೆ ತಿಳಿದವರು ಹೇಳುವುದನ್ನು ಸರಳವಾಗಿ ಹೇಳುತ್ತೇವೆ. ಭೂಮಿ ಬಿಸಿಯಾಗುತ್ತಿದೆ, ಅರಬ್ಬೀ ಸಮುದ್ರವೂ ಬಿಸಿಯಾಗುತ್ತಿದೆ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಿನ ಆವಿ ಹೊರಬಲ್ಲದು. ದೊಡ್ಡ ಚೀಲ ಹಿಡಿದವನು ತುಂಬಿಸಲಿಕ್ಕೆ ಹೊತ್ತು ತಗೊಳ್ಳುತ್ತಾನೆ, ಸುರಿದರೆ ಒಮ್ಮೆಲೇ ಸುರಿಯುತ್ತಾನೆ. ಅದಕ್ಕೇ ನಡುವೆ ಉದ್ದುದ್ದ ಒಣ ದಿನ, ಆಮೇಲೆ ಒಡ್ಡು ಕಿತ್ತುಹೋಗುವಂಥ ಮಳೆ. ಇದರ ಮೇಲೆ ಪೆಸಿಫಿಕ್ ಸಾಗರದ ಎಲ್ ನಿನೊ ಬಂದ ವರ್ಷ ನಮ್ಮ ಮಳೆ ಸೊರಗುವುದುಂಟು. 2023ರಲ್ಲಿ ಎಲ್ ನಿನೊ ಇತ್ತು. ಜೂನಿನಲ್ಲಿ ಅರಬ್ಬೀ ಸಮುದ್ರದ ಬಿಪರ್‌ಜಾಯ್ ಚಂಡಮಾರುತವೂ ಮುಂಗಾರಿನ ನಡಿಗೆಗೆ ಅಡ್ಡಬಂತು.

ಆ 2023ರ ಮಾತನ್ನು ಇಲ್ಲಿ ಹೇಳಲೇಬೇಕು. ಜೂನ್ ಒಣಗಿತು. ಜುಲೈದಲ್ಲಿ ಮಳೆ ಚೆನ್ನಾಗಿ ಬಂತು, ಊರೆಲ್ಲ ಬಿತ್ತಿತು. ಹೆಸರು ಬಿತ್ತುವ ಹೊತ್ತು ಮೀರಿತ್ತು, ಆದರೂ ಮನೆಯಲ್ಲಿದ್ದ ಬೀಜ ಅಂತ ಬಿತ್ತಿದೆವು. ಮೆಕ್ಕಿಜೋಳ ಹಾಕಿದವರೂ ಬಹಳ. ಆಗಸ್ಟಿನಲ್ಲಿ ರಾಜ್ಯಕ್ಕೆ ವಾಡಿಕೆಯ ಸುಮಾರು ಕಾಲು ಪಾಲು ಮಳೆ ಮಾತ್ರ ಬಿತ್ತು. ದೇಶಕ್ಕೆ 1901ರಿಂದೀಚೆಗೆ ಅಷ್ಟು ಒಣಗಿದ ಆಗಸ್ಟ್ ಇರಲಿಲ್ಲ. ಮಘಿ ಮಳಿ ಬಂದಷ್ಟೂ ಚಲೋ, ಮನಿ ಮಗ ಉಂಡಷ್ಟೂ ಚಲೋ ಎನ್ನುವ ಮಾತಿದೆ. ಆ ವರ್ಷ ಮಗ ಉಣ್ಣಲೇ ಇಲ್ಲ. ಮಕ್ಕಳು ಗುರ್ಜಿ ಹೊತ್ತು ಓಣಿ ಓಣಿ ತಿರುಗಿದರು. ಕಡೆಗೆ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿತು.

ಸೆಪ್ಟೆಂಬರ್ ಮೊದಲ ವಾರ ನಮ್ಮೂರಿಗೆ ಒಂದು ಹದ ಮಳೆ ಆಯಿತು. ಮರುದಿನ ಮುಂಜಾನೆ ಸಂಘದ ಬಾಗಿಲು ತೆಗೆಯುವ ಮೊದಲೇ ಕಟ್ಟೆಯ ಮೇಲೆ ಜನ ಕುಳಿತಿದ್ದರು. ಅವರಲ್ಲಿ ಒಬ್ಬ ತಾಯಿ, ಮೂರು ಎಕರೆ ಮಸಾರಿಯ ಒಡತಿ, ಖಾಲಿ ಚೀಲ ಹಿಡಿದು ಬಂದಿದ್ದಳು. “ಯಪ್ಪಾ, ಮೆಕ್ಕಿಜ್ವಾಳ ಒಣಗಿ ಹೋತು. ಹುರಳಿ ಬೀಜರ ಕೊಡ್ರಿ, ದನಕ್ಕ ಮೇವರ ಆಗ್ತೈತಿ” ಅಂದಳು. ನಾವು ಆಗ ಆಡಳಿತ ಮಂಡಳಿಯಲ್ಲಿದ್ದೆವು. ಗೋದಾಮಿನಲ್ಲಿ ಗೊಬ್ಬರ ಇತ್ತು, ಜೂನಿನಲ್ಲಿ ತರಿಸಿದ ಮೆಕ್ಕಿಜೋಳದ ಪೊಟ್ಟಣ ಉಳಿದಿದ್ದವು. ಹುರಳಿ ಒಂದು ಸೇರೂ ಇರಲಿಲ್ಲ. “ಇಲ್ಲವ್ವ” ಅಂದೆವು. ಆಕೆ ಏನೂ ಅನ್ನಲಿಲ್ಲ. ಚೀಲ ಮಡಚಿ ಬಗಲಲ್ಲಿಟ್ಟುಕೊಂಡು ಹೋದಳು. ದಸರೆಯ ಮೊದಲೇ ಎತ್ತು ಮಾರಿ, ಮನೆಗೆ ಕೀಲಿ ಹಾಕಿ ಬೆಂಗಳೂರಿಗೆ ಗುಳೆ ಹೋದರು. ಆ ಮನೆಯ ಸಾಲದ ಖಾತೆಯನ್ನು ಬಾಕಿದಾರರ ಪಟ್ಟಿಗೆ ಸೇರಿಸಿದವರೂ ನಾವೇ. ಮಳೆ ತಪ್ಪಿದ್ದು ಆಗಸ್ಟಿನಲ್ಲಿ. ಸೆಪ್ಟೆಂಬರಿನಲ್ಲಿ ತಪ್ಪಿದವರು ನಾವು. ಈ ಮಾತು ಇಂದಿನ ಸಭೆಯಲ್ಲಿ ಹೇಳದಿದ್ದರೆ ಹಬ್ಬದ ಊಟ ನಮಗೆ ಇಳಿಯೋದಿಲ್ಲ.

ಹೀಗಿರುವಾಗ ಮಾಡುವುದೇನು? ಮಳೆ ತರಿಸುವುದು ನಮ್ಮ ಕೈಯಲ್ಲಿಲ್ಲ. ಹೊತ್ತು ತಪ್ಪಿದ ಮಳೆಗೆ ಎರಡನೇ ಬಿತ್ತಿಗಿಯ ತಯಾರಿ ನಮ್ಮ ಕೈಯಲ್ಲಿದೆ. ನಾಲ್ಕು ಮಾತು ಮುಂದಿಡುತ್ತೇವೆ.

ಒಂದು, ಸಂಘದಲ್ಲಿ ಎರಡನೇ ಬೀಜದ ಕಣಜ ಇರಲಿ. ಮೊದಲ ಬಿತ್ತಿಗಿ ಹೋದರೆ ಹಾಕಲು ಸಜ್ಜಿ, ನವಣಿ, ಹುರಳಿ, ಸೂರ್ಯಕಾಂತಿ, ಇಷ್ಟನ್ನು ಪ್ರತಿವರ್ಷ ಜೂನಿನಲ್ಲೇ ತಂದಿಡಬೇಕು. ಸಜ್ಜಿ, ಹುರಳಿ, ನವಣಿಯನ್ನು ನಮ್ಮ ಸದಸ್ಯರ ಹೊಲದಿಂದಲೇ ಆರಿಸಿಡಬಹುದು. ಮಳೆ ಸರಿಯಾಗಿ ಬಂದು ಅದು ಖರ್ಚಾಗದಿದ್ದರೆ ಮಾರಿಬಿಡೋಣ. ಅದರಲ್ಲಿ ನಾಲ್ಕು ರೂಪಾಯಿ ನಷ್ಟವಾದರೂ ಅದನ್ನು ನಷ್ಟವೆಂದು ಬರೆಯಬೇಡ್ರಿ.

ಎರಡು, ಮೊದಲ ಮಳೆಗೇ ಚೀಲ ಬರಿದು ಮಾಡಬೇಡ್ರಿ. 2025ರ ಮೇ ತಿಂಗಳಲ್ಲೇ ರಾಜ್ಯದಲ್ಲಿ ಭಾರಿ ಮಳೆ ಬಿತ್ತು. ನೋಡಿದವರಿಗೆ ಬಿತ್ತುವ ಆಸೆ ಹುಟ್ಟುವುದು ಸಹಜ. ಆದರೆ ನೆಲ ಒಂದು ಗೇಣು ಹಸಿಯಾಗಿದೆಯೋ ಇಲ್ಲವೋ ಅಗೆದು ನೋಡಿ ಬಿತ್ತಬೇಕು. ಇಡೀ ಹೊಲಕ್ಕೆ ಒಂದೇ ಬೆಳೆ ಬೇಡ. ಮೆಕ್ಕಿಜೋಳಕ್ಕೆ ಸೂಲಂಗಿ ಬಿಡುವ ಹೊತ್ತಿನಲ್ಲಿ ಹದಿನೈದು ದಿನ ಮಳೆ ಇಲ್ಲದಿದ್ದರೆ ತೆನೆ ಜೊಳ್ಳು. ಸಜ್ಜಿ ತಡೆಯುತ್ತದೆ. ತೊಗರಿ ಆಳಕ್ಕೆ ಬೇರು ಬಿಟ್ಟು ಕಾಯುತ್ತದೆ. ಹಿರಿಯರು ಅಕ್ಕಡಿ ಸಾಲು ಹಾಕುತ್ತಿದ್ದದ್ದು ಚೆಂದಕ್ಕಲ್ಲ.

ಮೂರು, ಬಿದ್ದ ಮಳೆ ಹೊಲದಲ್ಲೇ ನಿಲ್ಲಲಿ. ಎರಿ ಹೊಲದಲ್ಲಿ ಜುಲೈ ಹೊತ್ತಿಗೆ ಚೌಕುಮಡಿ ಮಾಡಿಟ್ಟರೆ ಸೆಪ್ಟೆಂಬರಿನ ರಭಸದ ಮಳೆ ಹಳ್ಳಕ್ಕೆ ಓಡದೆ ನೆಲಕ್ಕಿಳಿಯುತ್ತದೆ. ಆ ಹಸಿಯೇ ಎಳ್ಳ ಅಮವಾಸ್ಯೆಯ ತನಕ ಜೋಳವನ್ನೂ ಕಡ್ಲಿಯನ್ನೂ ಸಾಕುತ್ತದೆ. ಒಡ್ಡು ಹಾಕಲು, ಕೃಷಿ ಹೊಂಡ ತೋಡಲು ಸಾಲ ಕೇಳಿ ಬಂದವರನ್ನು ಸಂಘ ಮೊದಲ ಸಾಲಿನಲ್ಲಿ ಕೂಡಿಸಬೇಕು.

ನಾಲ್ಕು, ವಿಮೆ. 2016ರಲ್ಲಿ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿ ಆಹಾರ ಧಾನ್ಯ, ಎಣ್ಣೆಕಾಳಿಗೆ ರೈತ ಕಟ್ಟುವುದು ಹೆಚ್ಚೆಂದರೆ ವಿಮಾ ಮೊತ್ತದ ಶೇ. 2, ಹಿಂಗಾರಿಗೆ ಶೇ. 1.5. ಮಳೆಯಿಲ್ಲದೆ ವಿಮಾ ಘಟಕದ ಶೇ. 75ಕ್ಕಿಂತ ಹೆಚ್ಚು ಹೊಲ ಬಿತ್ತಲಾಗದೆ ಉಳಿದರೆ ವಿಮಾ ಮೊತ್ತದ ಶೇ. 25 ಕೊಡಲು ಅದರಲ್ಲಿ ಅವಕಾಶ ಇದೆ. ಆದರೆ ಮಳೆ ನೋಡಿ ಕಟ್ಟೋಣ ಎಂದು ಕುಳಿತವರಿಗೆ ದಿನಾಂಕ ಕಾಯುವುದಿಲ್ಲ. ವಿಮೆಯಲ್ಲಿ ಒಂದು ಬೆಳೆ, ಬೆಳೆ ಸಮೀಕ್ಷೆಯಲ್ಲಿ ಇನ್ನೊಂದು ಬೆಳೆ ಇದ್ದರೆ ತಕರಾರು ಬರುತ್ತದೆ. ಓದು ಬಾರದ ಸದಸ್ಯರಿಗೆ ಇದನ್ನು ಮನೆಗೆ ಹೋಗಿ ಹೇಳುವುದು ಸಂಘದ ಕೆಲಸ. ಇದರ ಜೊತೆಗೆ ಸಂಘದ ಮಾಳಿಗೆಯ ಮೇಲೆ ಒಂದು ಮಳೆಮಾಪಕ ಇಟ್ಟು, ದಿನದ ಮಳೆಯನ್ನು ಕರಿಹಲಗೆಯ ಮೇಲೆ ಬರೆಯೋಣ. ಮುಂದಿನ ಇಪ್ಪತ್ತೈದು ವರ್ಷದ ಲೆಕ್ಕ ನಮ್ಮ ಮಕ್ಕಳ ಕೈಗೆ ಸಿಗಲಿ.

ನಮ್ಮ ಪಕ್ಕದ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ಅದೂ ಒಣಬೇಸಾಯದ ಸೀಮೆಯೇ. ಒಬ್ಬನ ಹೊಲಕ್ಕೆ ಮಳೆ ತಪ್ಪಿದರೆ ಅವನು ಒಬ್ಬನೇ ತಡೆದುಕೊಳ್ಳಲಾರ ಎನ್ನುವುದನ್ನು ಈ ಸೀಮೆಯವರಿಗೆ ಯಾರೂ ಕಲಿಸಿಕೊಡಬೇಕಿಲ್ಲ.

ಬೆಂಗಳೂರಿಗೆ ಹೋದ ಆ ತಾಯಿ ಈಗ ಊರಿಗೆ ತಿರುಗಿ ಬಂದಿದ್ದಾಳೆ. ಇಲ್ಲೇ ಹೆಣ್ಣುಮಕ್ಕಳ ಸಾಲಿನಲ್ಲಿ ಕುಳಿತಿದ್ದಾಳೆ. ಎರಡನೇ ಬೀಜದ ಕಣಜಕ್ಕೆ ಮೊದಲ ಚೀಲ ಹುರಳಿಯನ್ನು ನಮ್ಮ ಹೊಲದಿಂದ ನಾವು ಕೊಡುತ್ತೇವೆ. ಸಭೆ ಮುಗಿದ ಮೇಲೆ ಉಳಿದವರು ತಮ್ಮ ತಮ್ಮ ಪಾಲು ಕಾರ್ಯದರ್ಶಿಯವರಲ್ಲಿ ಬರೆಸಬೇಕೆಂದು ಕೇಳಿಕೊಂಡು, ನಮ್ಮ ಮಾತು ಮುಗಿಸುತ್ತೇವೆ.