ಅಳಿಸಿದ ಬರಹಕ್ಕೆ ನೆಲೆ ಎಲ್ಲಿ?



ತಿಕೋಟಾ ಸೀಮೆಯ ಹಿರಿಯ ಹೆಣ್ಣುಮಕ್ಕಳು ಹಾಡಿದ ಬೀಸುವ ಪದಗಳನ್ನು ಬರೆದುಕೊಂಡು ಬಂದು, ವಿಜಯಪುರದ ನನ್ನ ಮನೆಯ ಗಣಕಯಂತ್ರದಲ್ಲಿ ಸೇರಿಸಿಡುತ್ತಿದ್ದೆ. ಅದು ಯುನಿಕ್ಸ್ ಮನೆತನಕ್ಕೆ ಸೇರಿದ ಲಿನಕ್ಸ್ ಯಂತ್ರ. ಒಂದು ರಾತ್ರಿ ಹಳೆಯ ಕರಡುಗಳನ್ನು ತೆಗೆಯಲೆಂದು 'ಆರ್‌ಎಂ' ಎಂಬ ಆಜ್ಞೆಯನ್ನು ಬರೆದೆ. ಕರಡಿನ ಹೆಸರಿಗೂ ಅದರ ಮುಂದಿನ ನಕ್ಷತ್ರ ಚಿಹ್ನೆಗೂ ನಡುವೆ ಅರಿಯದೆ ಒಂದು ತೆರಪು ಬಿಟ್ಟೆ. ಅಷ್ಟಕ್ಕೇ ಅಲ್ಲಿದ್ದ ಕಡತಗಳೆಲ್ಲ ಹೋದವು. ಟಿಪ್ಪಣಿಯ ಹಾಳೆಗಳನ್ನು ಆಗಲೇ ರದ್ದಿಗೆ ಹಾಕಿದ್ದೆನೆಂಬುದು ನನ್ನ ಜಾಣತನಕ್ಕೆ ಸಾಕ್ಷಿ.

ಹೋದವು ಎಂದೆ, ಆದರೆ ಆ ಕ್ಷಣಕ್ಕೆ ಹೋದದ್ದು ಹೆಸರು ಮಾತ್ರ. ಯುನಿಕ್ಸ್‌ನಲ್ಲಿ ಕಡತದ ಹೆಸರು ಒಂದು ಕಡೆ, ಅದರ ವಿವರವನ್ನು ಹೊತ್ತ ಐನೋಡ್ ಇನ್ನೊಂದು ಕಡೆ, ಬರಹ ಮತ್ತೊಂದು ಕಡೆ. ಕೊನೆಯ ಹೆಸರೂ ಅಳಿದು, ಯಾವ ಪ್ರೋಗ್ರಾಮೂ ಅದನ್ನು ತೆರೆದಿಟ್ಟುಕೊಂಡಿಲ್ಲವಾದರೆ, ಬರಹವಿದ್ದ ಜಾಗ 'ಖಾಲಿ' ಎನಿಸಿಕೊಳ್ಳುತ್ತದೆ. ಮೇಲೆ ಬೇರೆ ಬರಹ ಬೀಳುವವರೆಗೆ ಹಳೆಯ ಅಕ್ಷರಗಳು ಅಲ್ಲಿರಬಹುದು. ಆದಕಾರಣ ಯಂತ್ರದಲ್ಲಿ ಏನನ್ನೂ ಬರೆಯದೆ ಸುಮ್ಮನಾಗುವುದೇ ಮೊದಲ ಉಪಚಾರ. ಈಗಿನ ಎಸ್‌ಎಸ್‌ಡಿಗಳಲ್ಲಿ ಆ ಆಸೆಯೂ ಕಡಿಮೆ. 'ಟ್ರಿಮ್' ಎಂಬ ವ್ಯವಸ್ಥೆ ಖಾಲಿಯಾದ ಜಾಗವನ್ನು ಬೇಗನೆ ಗುಡಿಸಿಬಿಡುತ್ತದೆ.

ವಚನಗಳ ಓಲೆಗಳಿಗಾಗಿ ಊರೂರು ಅಲೆದ ಫ. ಗು. ಹಳಕಟ್ಟಿಯವರು ನೆಲಸಿದ ಊರು ನಮ್ಮದು. 1923ರಲ್ಲಿ ಅವರ 'ವಚನಶಾಸ್ತ್ರಸಾರ'ದ ಮೊದಲ ಭಾಗ ಹೊರಬಂದದ್ದು, ಮನೆಮನೆಗಳಲ್ಲಿ ಯಾರೋ ಓಲೆಯ ಕಟ್ಟುಗಳನ್ನು ಉಳಿಸಿದ್ದರಿಂದ. ಯಂತ್ರದೊಳಗೆ ಹಾಗೆ ಉಳಿಸುವವರು ಯಾರು?

'ಆರ್‌ಎಂ' ಆಜ್ಞೆಯನ್ನೇ ಬದಲಿಸಿ, ಕಡತವನ್ನು ಕಸದ ಬುಟ್ಟಿಗೆ ಸರಿಸಬಹುದು. ಇದು ಸುಲಭ, ಯಾವ ಯುನಿಕ್ಸ್‌ಗೂ ಒಗ್ಗುತ್ತದೆ. ಆದರೆ ಬೇರೊಂದು ಪ್ರೋಗ್ರಾಮು ತಾನೇ ಅಳಿಸಿದರೆ, ಇಲ್ಲವೆ ಹಳೆಯ ಬರಹದ ಮೇಲೆ ಹೊಸದನ್ನು ಬರೆದರೆ, ಬುಟ್ಟಿಗೆ ಸುದ್ದಿಯೇ ಮುಟ್ಟದು. ಪ್ರೋಗ್ರಾಮುಗಳಿಗೂ ಕರ್ನೆಲ್‌ಗೂ ನಡುವಿನ ಲೈಬ್ರರಿಯಲ್ಲಿ ತಡೆಯೋಣವೆಂದರೆ, ಅದನ್ನು ಬಳಸಿಕೊಂಡು ಹೋಗುವ ಪ್ರೋಗ್ರಾಮುಗಳಿವೆ. ಕರ್ನೆಲ್ ಎಲ್ಲವನ್ನೂ ಕಾಣುತ್ತದೆ ನಿಜ. ಆದರೆ ಕ್ಷಣಕಾಲದ ಕಸ ಯಾವುದು, ಆಯಿಯ ಹಾಡು ಯಾವುದು ಎಂಬ ವಿವೇಕ ಅದಕ್ಕಿಲ್ಲ. ಮೇಲಾಗಿ ಲಿನಕ್ಸ್, ಫ್ರೀಬಿಎಸ್‌ಡಿ, ಸೊಲಾರಿಸ್‌ಗಳ ಕರ್ನೆಲ್‌ಗಳು ಬೇರೆಬೇರೆ. ಒಂದೊಂದಕ್ಕೂ ಹೊಸದಾಗಿ ಬರೆಯಬೇಕು.

ನನ್ನ ಮತದಲ್ಲಿ ಇದಕ್ಕೆ ತಕ್ಕ ನೆಲೆ ಕಡತವ್ಯವಸ್ಥೆಯೇ. ಸನ್ ಸಂಸ್ಥೆಯಲ್ಲಿ ಹುಟ್ಟಿ 2005ರಲ್ಲಿ ಬೆಳಕಿಗೆ ಬಂದ 'ಝಡ್‌ಎಫ್‌ಎಸ್' ಮುಂದೆ ಫ್ರೀಬಿಎಸ್‌ಡಿಗೂ ಲಿನಕ್ಸ್‌ಗೂ ಬಂತು. ಹೇಳಿದ ಹೊತ್ತಿಗೆ ಅದು ಇಡೀ ಭಂಡಾರದ ಸ್ನ್ಯಾಪ್‌ಶಾಟ್ ತೆಗೆದಿಡುತ್ತದೆ. ಹಳೆಯ ತುಣುಕಿನ ಮೇಲೆ ಬರೆಯದೆ ಹೊಸ ಜಾಗದಲ್ಲಿ ಬರೆಯುವುದರಿಂದ ಇದಕ್ಕೆ ಹೆಚ್ಚು ಜಾಗವೂ ಬೇಡ. ಅಳಿಸಿದ್ದೂ ತಿದ್ದಿದ್ದೂ ಎರಡೂ ಸಿಗುತ್ತವೆ. ಎರಡು ಸ್ನ್ಯಾಪ್‌ಶಾಟ್‌ಗಳ ನಡುವೆ ಹುಟ್ಟಿ ಸತ್ತದ್ದು ಮಾತ್ರ ಸಿಗದು. ಡಿಸ್ಕೇ ಕೆಟ್ಟರೆ ಬೇರೆಡೆ ಇಟ್ಟ ಪ್ರತಿಯೇ ಗತಿ.

ನನ್ನ ಯಂತ್ರದಲ್ಲಿ ಇದಾವುದೂ ಇರಲಿಲ್ಲ. ಬಲ್ಲವರೊಬ್ಬರು ಡಿಸ್ಕನ್ನು ಜಾಲಾಡಿ ಹೆಸರಿಲ್ಲದ ತುಣುಕುಗಳನ್ನು ಹೆಕ್ಕಿಕೊಟ್ಟರು. ಒಂದು ಪದದ ನಡುವಿನ ನುಡಿ ಸಿಗಲೇ ಇಲ್ಲ. ಮತ್ತೆ ತಿಕೋಟಾಕ್ಕೆ ಹೋಗಿ ಆಯಿಯನ್ನು ಕೇಳಿದೆ. ಹಾಡಿದರು, ಆದರೆ ಆ ನುಡಿ ಮೊದಲಿನದಾಗಿರಲಿಲ್ಲ.